ಮೂಗಿನ ಮೇಸ್ತ್ರಿಯ ಕುಂಡಗಳು

...ಅಲ್ಲ ಕಣೇ, ನಾನು ಹೇಳೋದನ್ನ ಪೂರ್ತಿ ಕೇಳು. ದಿನವಿಡೀ ಕ್ಯಾಂಟೀನಲ್ಲಿ ಕಂತೆ ಕಂತೆ ಸೊಪ್ಪಿನ ಜೊತೆ ಹೆಣಗೋನಿಗೆ ಮನೇಲಿ ಮತ್ತೆ ಸೊಪ್ಪು ಬೆಳೆಯೋ ಹುಚ್ಚು ಯಾಕೆ ಅಂತೀಯ. ಸರಿ, ಹುಚ್ಚೇ ಅಂದ್ಕೋ. ಕೆಲವರು ಇಸ್ಪೀಟಾಡ್ತಾರೆ, ನಾನು ಬೀಜ ಹಾಕ್ತೀನಿ. ಆ ಸ್ಟೂಲು ಸ್ವಲ್ಪ ಈಚೆ ತಳ್ಳು, ಕಾಲು ಚಾಚ್ತೀನಿ. ನಿಂತೂ ನಿಂತೂ ಪಾದ ನನ್ನದೇ ಅಲ್ಲ ಅನ್ನಿಸ್ತಿದೆ.

ಯಾಕೆ ನಗ್ತೀಯ? ಮೊದಲ ಸಲ ಕೊತ್ತಂಬರಿ ಹುಟ್ಟಲೇ ಇಲ್ಲ ಅಂತಾನಾ? ಹುರಿದ ಬೀಜ ಎಲ್ಲಾದ್ರೂ ಮೊಳೆಯುತ್ತಾ? ಹಸಿಯದ್ದು, ಹುರಿದದ್ದು ಎರಡು ಡಬ್ಬೀನೂ ಪಕ್ಕಪಕ್ಕ ಇಟ್ಟಿದ್ದು ನೀನು. ಹಾಗೇನು ನೋಡ್ತೀಯ... ಕರೆಂಟು ಹೋಗಿತ್ತು, ಬಣ್ಣ ಕಾಣಲಿಲ್ಲ. ವಾಸನೆ... ನೆಗಡಿ ಇತ್ತಲ್ಲ ಆಗ.

ಎರಡನೇ ಸಲ ನೋಡು. ಲಟ್ಟಣಿಗೆ ಕೆಳಗೆ ಮೆಲ್ಲಗೆ ಉಜ್ಜಿ, ಬೀಜ ಎರಡು ಹೋಳಾದ ಮೇಲೆ ನೆನೆಸಿ ಹಾಕಿದೆ. ಹೇಗೆ ತಲೆ ಎತ್ತಿವೆ! ಕಾಮಕಸ್ತೂರಿ ಮಾತ್ರ ನೆನೆಸಬಾರದು, ಲೋಳೆಯಾಗಿ ಕೈಗಂಟುತ್ತೆ. ಮಣ್ಣಿನ ಮೇಲೆ ಉದುರಿಸಿ ನೀರು ಚಿಮುಕಿಸಿದರೆ ಸಾಕು. ಆ ಜ್ವರ ಬಿಟ್ಟು ಎದ್ದಾಗಿಂದ ಇದೊಂದೇ ನನಗೆ ಸಮಾಧಾನ, ಅದಕ್ಕೂ ಕಲ್ಲು ಹಾಕಬೇಡ.

ಚೀಟಿ ಅಂಟಿಸಿದ್ದಕ್ಕೂ ತಕರಾರಾ? ಇಷ್ಟು ವರ್ಷ ಸೌಟು ಹಿಡಿದೋನಿಗೆ ಕೊತ್ತಂಬರಿ ಕುಂಡದ ಮೇಲೆ ಹೆಸರು ಯಾಕೆ ಅಂತ ಮಗಳೂ ಕೇಳಿದಳು. ನಿಮಗೆ ಗೊತ್ತಾಗಲಿ ಅಂತ ಅವಳ ಕೈಲೇ ಬರೆಸಿದೆ. ನೀನು ನೀರು ಸುರಿದು ಎರಡು ಚೀಟಿ ಅಳಿಸಿಹಾಕಿ, ಈಗ ಸಬ್ಬಸಿಗೆ ಯಾವುದು, ಸೋಂಪು ಯಾವುದು ಅಂತ ನನ್ನನ್ನ ಕೇಳ್ತೀಯ! ಎಳೇದರಲ್ಲಿ ಎರಡೂ ಅವಳಿಜವಳಿ, ಬರೀ ಕೂದಲೆಳೆ. ಕಿವುಚಿ ಮೂಸಿದರೆ ಗೊತ್ತಾಗುತ್ತೆ, ಗೊತ್ತು ನನಗೆ. ಆದರೆ ಈಗಲೇ ಕಿತ್ತರೆ ಗಿಡ ನೊಂದ್ಕೊಳ್ಳುತ್ತೆ. ಬೆಳೀಲಿ ಬಿಡು, ಅವಸರ ಏನು?

ನಾಳೆದಾ... ನಾಳೆ ಎಲ್ಲಾ ಸುಸೂತ್ರವಾಗಿ ಆಗುತ್ತೆ. ಕ್ಯಾಂಟೀನಿನ ಹೊಸ ಯಜಮಾನರು ಮಸಾಲೆ ಡಬ್ಬಿ ಸಾಲಾಗಿ ಇಡ್ತಾರಂತೆ. ಹಳಸಲು ಯಾವುದು, ಒಳ್ಳೇದು ಯಾವುದು ಅಂತ ಮೂಗಿನ ಮೇಸ್ತ್ರಿ ಮೂಸಿ ಹೇಳಲಿ, ಅಡುಗೆಮನೆ ಅವನ ಕೈಗೇ ಕೊಡ್ತೀನಿ ಅಂದಿದ್ದಾರೆ. ಹೇಳದಿದ್ದರಾ? ತರಕಾರಿ ಹೆಚ್ಚೋ ಕಡೆ ಕೂರಿಸ್ತಾರೆ, ಇನ್ನೇನು ಮಾಡ್ತಾರೆ. ಆದರೆ ಬಾಗಿಲಲ್ಲಿ ನಿಂತೇ ಬೇಳೆಗೆ ಉಪ್ಪು ಬಿದ್ದಿಲ್ಲ ಅಂತಿದ್ದೋನು ನಾನು. ಆ ಹೆಸರೇನು ಸುಮ್ಮನೆ ಬಂತಾ?

ಯಾರು, ಪಾತ್ರೆ ತೊಳೆಯೋ ಅಜ್ಜಿನಾ? ಎಲ್ಲಿ ಸಿಕ್ಕಿದ್ದಳು ನಿನಗೆ? ಹೌದು, ಒಂದು ದಿನ ಬೆಳ್ಳುಳ್ಳಿ ಸೀದು ಕರಕಲಾಯ್ತು. ಹೌದು, ಅವಳೇ ಕೂಗಿದ್ದು. ನಾನು ಆ ಕಡೆ ತಿರುಗಿದ್ದೆ. ಅವಳನ್ನ ಕರೆಕರೆದು ಮೂಸು ಅನ್ನೋದು ಅವಳೂ ಒಂದಿಷ್ಟು ಕಲೀಲಿ ಅಂತ... ಆ ವಯಸ್ಸಲ್ಲಿ ಏನು ಕಲೀತಾಳೆ ಅಂತೀಯಾ? ಏನು ನಿನ್ನ ಮಾತಿನ ಅರ್ಥ? ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಳಲಿ?

ಎಲ್ಲಿಗೆ ಎದ್ದೆ? ಕುಂಡ ಮುಟ್ಟಬೇಡ ಅಂದ್ನಲ್ಲ... ಏನಿದು, ಮುಷ್ಟಿ ಹಿಡ್ಕೊಂಡು ಬಂದೆ? ಕಿತ್ತೇ ಬಿಟ್ಟೆಯಾ? ಕಣ್ಣು ಮುಚ್ಚಬೇಕಾ? ಈ ಸುಸ್ತಲ್ಲಿ ನಿನ್ನದೊಂದು ಆಟ. ಸರಿ ಮಾರಾಯ್ತಿ, ಮುಚ್ಚಿದೆ. ಇನ್ನೂ ಹತ್ತಿರ ತಾ.

ಸಬ್ಬಸಿಗೆ. ಸಬ್ಬಸಿಗೆನೇ ಕಣೇ, ಘಮ್ ಅಂತಿದೆ. ಸಮಾಧಾನ ಆಯ್ತಾ?

ಯಾಕೆ ಮಾತಾಡ್ತಿಲ್ಲ? ಸೋಂಪಾ? ಹ್ಞಾಂ, ಸೋಂಪೇ ಇರಬೇಕು, ಎರಡೂ ಹತ್ತಿರ ಹತ್ತಿರ ತಾನೇ... ಏನಾದ್ರೂ ಹೇಳೇ. ಕಣ್ಣು ಬಿಡ್ತೀನಿ ನೋಡು.

...ಖಾಲಿ.

ಕೈಲಿ ಏನೂ ಇಲ್ಲ.

ಹ್ಞೂಂ... ಜ್ವರ ಬಿಟ್ಟಾಗಿಂದ. ಯಾವ ವಾಸನೆಯೂ ಬರಲ್ಲ. ಸೀದದ್ದು ಬರಲ್ಲ, ಹಳಸಿದ್ದು ಬರಲ್ಲ, ನೀನು ಪಕ್ಕದಲ್ಲಿ ಮಲಗಿದ್ದರೂ ಯಾರೋ ಮಲಗಿದ ಹಾಗಿರುತ್ತೆ. ದಿನಾ ಸಂಜೆ ಒಂದೊಂದು ಎಲೆ ಕಿವುಚಿ ಮೂಗಿಗೆ ಹಿಡೀತೀನಿ, ಇವತ್ತಾದ್ರೂ ಬರುತ್ತೇನೋ ಅಂತ. ನಾನೇ ಬೀಜ ಹಾಕಿ ಬೆಳೆಸಿದ್ದಾದರೂ ನನ್ನ ಕೈಬಿಡಲ್ಲ ಅಂದ್ಕೊಂಡಿದ್ದೆ. ಭಯ ಆಗ್ತಿದೆ ಕಣೇ.

ಅಳಬೇಡ. ಹೋಗು, ಒಂದು ಎಲೆ ಕಿತ್ಕೊಂಡು ಬಾ, ಗಿಡ ನೊಂದ್ಕೊಂಡರೆ ನೊಂದ್ಕೊಳ್ಳಲಿ. ಈ ಸಲ ನಿಜವಾಗ್ಲೂ ಕೈಲಿಟ್ಟು ಹಿಡಿ. ಬರಲಿಲ್ಲ ಅಂದರೆ ಬರಲಿಲ್ಲ ಅಂತಲೇ ಹೇಳ್ತೀನಿ. ನಿನಗೆ ಒಂದು ಸಲ ಹೇಳಿದರೆ, ನಾಳೆ ಯಜಮಾನರಿಗೆ ಹೇಳೋಕೆ ಬಾಯಿ ಬರುತ್ತೆ.