ಆಷಾಢ ಕಳೀಲಿ ಅಂದ ಮೇಷ್ಟ್ರು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಅವನಿಗೆ ಹೊಲ ಇರಲಿಲ್ಲ, ಬಂಗಾರ ಇರಲಿಲ್ಲ, ಇದ್ದದ್ದು ವಿದ್ಯೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಹೆಸರು ಹೇಳುವುದಿಲ್ಲ, ಹೇಳಿದರೆ ಆ ಹೆಸರಿನವರು ಇಲ್ಲಿ ನಾಲ್ಕು ಜನ ಇರುತ್ತೀರಿ, ಎದ್ದು ಹೋಗುತ್ತೀರಿ. ಮೂವತ್ತು ವರ್ಷ ಪಾಠ ಮಾಡಿದವರು. ಒಂದು ದಿನವೂ ಕ್ಲಾಸಿಗೆ ತಡವಾಗಿ ಹೋದವರಲ್ಲ, ಟ್ಯೂಷನ್ ಅಂತ ಒಬ್ಬರ ಮುಂದೆಯೂ ಕೈ ಚಾಚಿದವರಲ್ಲ. ಕೆಟ್ಟವರಲ್ಲ, ನೋಡಿ. ಕೆಟ್ಟವರ ಕಥೆ ಹೇಳಿದರೆ ನೀವು ಆರಾಮಾಗಿ ಕೇಳುತ್ತೀರಿ, ಇದು ನಮ್ಮದಲ್ಲ ಬಿಡು ಅಂತ.

ಅವರ ಹತ್ತಿರ ಸಿಂಚನ ಅಂತ ಒಬ್ಬ ಹುಡುಗಿ ಓದುತ್ತಿದ್ದಳು. ಹಿಟ್ಟಿನ ಗಿರಣಿಯವರ ಮಗಳು, ಡಿಗ್ರಿ ಕೊನೇ ವರ್ಷ. ಜಾಣೆ ಅಂದರೆ ಜಾಣೆ. ಒಂದು ದಿನ ಕೈಯಲ್ಲಿ ಕಾಗದ ಹಿಡಿದು ಸ್ಟಾಫ್ ರೂಮಿಗೆ ಓಡಿ ಬಂದಳು.

"ಸರ್, ಅಮೆರಿಕದ ಯೂನಿವರ್ಸಿಟೀಲಿ ಒಂದು ಸೆಮಿಸ್ಟರ್ ಓದೋಕೆ ನಮ್ಮ ಜಿಲ್ಲೆಯಿಂದ ಒಬ್ರನ್ನ ತಗೊಳ್ತಾರಂತೆ. ಇಂಟರ್‌ವ್ಯೂ ಪಾಸಾಗಿದೀನಿ ಸರ್. ಜನವರಿಗೆ ಹೋಗಿ ಮೇ ತಿಂಗಳಿಗೆ ವಾಪಸ್. ಅಲ್ಲಿ ಗಾಜಿನ ಮನೇಲಿ ಜರೀಗಿಡನೇ ಮುನ್ನೂರು ಜಾತಿ ಇದಾವಂತೆ. ಹೊರಗಡೆ ಹಿಮ ಬೀಳ್ತಿರುತ್ತೆ, ಒಳಗೆ ಗಿಡ ಹಸಿರಾಗಿರುತ್ತೆ. ನೀವೊಂದು ಶಿಫಾರಸು ಪತ್ರ ಕಳಿಸಿದ್ರೆ ಮುಗೀತು."

ಮೇಷ್ಟ್ರಿಗೆ ಏನಾಗಬೇಕಿತ್ತು ಹೇಳಿ? ಎದೆ ಉಬ್ಬಬೇಕಿತ್ತು. ಉಬ್ಬಲಿಲ್ಲ. ಹೊಟ್ಟೆಯೊಳಗೆ ಚುರ್ ಅಂದಿತು. ಇಪ್ಪತ್ತೆಂಟು ವರ್ಷದ ಹಿಂದೆ ಅವರೂ ಇಂಥದ್ದೇ ಒಂದು ಅರ್ಜಿ ಹಾಕಿದ್ದರು. ಪಾಸ್‌ಪೋರ್ಟ್ ಮಾಡಿಸಿದ್ದರು, ಉಣ್ಣೆ ಕೋಟು ಹೊಲಿಸಿದ್ದರು. ಕರೆ ಬರಲಿಲ್ಲ, ಕೋಟನ್ನು ನುಸಿ ತಿಂದಿತು. ಆ ಗಿಡಗಳನ್ನು ಪುಸ್ತಕದ ಚಿತ್ರದಲ್ಲಿ ತೋರಿಸಿ ತೋರಿಸಿಯೇ ಅವರು ಮುದುಕರಾದರು. ಈಗ ನಿನ್ನೆ ಮೊನ್ನೆ ತನ್ನ ಹತ್ತಿರ ಎಲೆಯ ಭಾಗಗಳ ಹೆಸರು ಕಲಿತ ಹುಡುಗಿ ಹೋಗಿ ಅವನ್ನು ಮುಟ್ಟುತ್ತಾಳೆ. ವಾಪಸ್ ಬಂದು ಫೋಟೋ ತೋರಿಸುತ್ತಾಳೆ. 'ನೀವು ಹೇಳಿದ್ದು ಇದೇ ನೋಡಿ ಸರ್' ಅನ್ನುತ್ತಾಳೆ. ನೆನೆಸಿಕೊಂಡರೇ ಅವರಿಗೆ ತಡೆಯಲಾಗಲಿಲ್ಲ.

ಆಗಲ್ಲ ಅಂದರಾ? ಅನ್ನಲಿಲ್ಲ. ಹೊಟ್ಟೆಕಿಚ್ಚು ಯಾವತ್ತೂ ಆಗಲ್ಲ ಅನ್ನುವುದಿಲ್ಲ ತಾಯಂದಿರೇ, ನಾಳೆ ಅನ್ನುತ್ತದೆ.

"ಈಗ ಆಷಾಢ ಕಣಮ್ಮ. ಒಳ್ಳೆ ಕೆಲಸಕ್ಕೆ ಕೈ ಹಾಕಬಾರದು. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಆಷಾಢ ಕಳೀಲಿ, ಶ್ರಾವಣ ಹುಟ್ಟಿದ ದಿನವೇ ಕಳಿಸ್ತೀನಿ."

ಹುಡುಗಿ ಬೆರಳು ಮಡಚಿ ಲೆಕ್ಕ ಹಾಕಿದಳು. "ಅವತ್ತೇ ಕೊನೇ ದಿನ ಸರ್."

"ಇದೆಯಲ್ಲ ಒಂದು ದಿನ, ಸಾಕು."

ಗುರುಗಳು ಹೇಳಿದ ಮೇಲೆ ಇನ್ನೇನು ಅಂತ ಅವಳು ಹೋದಳು. ಈ ಗುರುಗಳು ಯಾರು ಗೊತ್ತಾ? ಕ್ಲಾಸಿನಲ್ಲಿ ರಾಹುಕಾಲವನ್ನು ಗೇಲಿ ಮಾಡಿ ಮಕ್ಕಳನ್ನು ನಗಿಸುತ್ತಿದ್ದವರು. ಮನೆಗೆ ಬಂದು ಊಟಕ್ಕೆ ಕೂತಾಗ ವಿಷಯ ಕೇಳಿದ ಹೆಂಡತಿ ಬಿಡಲಿಲ್ಲ.

"ಏನ್ರೀ ಇದು ಹೊಸದು? ಬೇಡ ಬೇಡ ಅಂದ್ರೂ ಈ ಮನೆ ಗೃಹಪ್ರವೇಶ ಆಷಾಢದಲ್ಲೇ ಮಾಡಿಸಿದೋರು ನೀವು. ಆ ಹುಡುಗೀಗೆ ಮಾತ್ರ ಆಷಾಢ ಬಂತಾ?"

ಮೇಷ್ಟ್ರು ಸಾರಿಗೆ ಉಪ್ಪು ಕಡಿಮೆ ಅಂದರು.

ಶ್ರಾವಣ ಹುಟ್ಟಿತು. ಮಾತು ಕೊಟ್ಟಿದ್ದಾರಲ್ಲ, ಬೆಳಿಗ್ಗೆ ಸ್ನಾನ ಮಾಡಿ ಕಂಪ್ಯೂಟರ್ ಮುಂದೆ ಕೂತರು. ಪತ್ರ ಬರೆದರು, ಚೆನ್ನಾಗಿಯೇ ಬರೆದರು. ಯೂನಿವರ್ಸಿಟಿಯವರ ಫಾರ್ಮಿನಲ್ಲಿ ಅದರ ಕೆಳಗೆ ಒಂದು ಪ್ರಶ್ನೆ ಇತ್ತು. ನೀವು ಇದುವರೆಗೆ ಕಲಿಸಿದವರಲ್ಲಿ ಈ ವಿದ್ಯಾರ್ಥಿ ಎಷ್ಟನೆಯವರು? ಉತ್ತರ ಅವರಿಗೆ ಗೊತ್ತಿತ್ತು. ಮೂವತ್ತು ವರ್ಷದಲ್ಲಿ ಇವಳಂಥವಳು ಇನ್ನೊಬ್ಬಳು ಬಂದಿರಲಿಲ್ಲ. ಮೊದಲನೆಯವಳು ಅಂತ ಒಂದು ಗುರುತು ಹಾಕಿದ್ದರೆ ಕೆಲಸ ಮುಗಿಯುತ್ತಿತ್ತು. ಬೆರಳು ಏಳಲಿಲ್ಲ. ಇವಳು ಅಷ್ಟು ದೊಡ್ಡವಳಾದರೆ ನಾನು ಯಾರು ಅನ್ನಿಸಿತು. ಮಧ್ಯಾಹ್ನ ನೋಡೋಣ ಅಂತ ಎದ್ದರು. ಮಧ್ಯಾಹ್ನ ಮಲಗಿದರು. ಸಂಜೆ ಸಿಂಚನಳ ಫೋನು ಮೂರು ಸಲ ಬಂತು, ಮೂರು ಸಲವೂ ಎತ್ತಲಿಲ್ಲ. ಮರುದಿನ ಅವಳು ಎದುರಿಗೇ ಬಂದು ಕೇಳಿದಾಗ, "ಕರೆಂಟ್ ಹೋಗಿತ್ತಮ್ಮ, ನೆಟ್ ಇರ್ಲಿಲ್ಲ" ಅಂದರು.

ಸೀಟು ಬೇರೆ ಊರಿನ ಒಬ್ಬ ಹುಡುಗನಿಗೆ ಹೋಯಿತು. ಸಿಂಚನಳದು ಕೊನೇ ವರ್ಷ, ಮತ್ತೆ ಅರ್ಜಿ ಹಾಕುವ ಹಾಗಿಲ್ಲ. ಸುದ್ದಿ ಬಂದ ದಿನ ಅವಳು ಮೇಷ್ಟ್ರ ಮನೆಗೆ ಬಂದಳು. ಅತ್ತು ಅತ್ತು ಕಣ್ಣು ಊದಿತ್ತು. ಬೈಸಿಕೊಳ್ಳಲು ಸಿದ್ಧರಾಗಿಯೇ ಮೇಷ್ಟ್ರು ಕೂತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

"ನೀವು ಬೇಜಾರ್ ಮಾಡ್ಕೋಬೇಡಿ ಸರ್" ಅಂದಳು. "ನನಗೋಸ್ಕರ ಒಳ್ಳೆ ದಿನ ಕಾದ್ರಿ. ಕರೆಂಟ್ ಹೋದ್ರೆ ನೀವೇನ್ ಮಾಡೋಕಾಗುತ್ತೆ? ನನ್ ಹಣೇಲಿ ಬರೆದಿರ್ಲಿಲ್ಲ ಅಷ್ಟೇ."

ಅಂದವಳೇ ಕಾಲಿಗೆ ಬಿದ್ದಳು.

ಕಾಲಿಗೆ ಬಿದ್ದವರಿಗೆ ಏನನ್ನಬೇಕು? ಒಳ್ಳೇದಾಗಲಿ ಅನ್ನಬೇಕು. ಮೂವತ್ತು ವರ್ಷದಿಂದ ಸಾವಿರಾರು ಮಕ್ಕಳಿಗೆ ಅಂದ ಮಾತು. ಮೇಷ್ಟ್ರ ಕೈ ಅವಳ ತಲೆಯ ಮೇಲೆ ಹೋಯಿತು, ಬಾಯಿ ತೆರೆಯಿತು, ಮಾತು ಬರಲಿಲ್ಲ. ಹೇಗೆ ಬರಬೇಕು? ಒಳ್ಳೇದು ಬಾಗಿಲಿಗೆ ಬಂದಿತ್ತು, ಅಗಣಿ ಹಾಕಿದವರು ಅವರೇ. ನಿಜ ಹೇಳಿದರಾ? ಇಲ್ಲ. ಆ ಹುಡುಗಿ ಇವತ್ತಿಗೂ ತನ್ನ ಹಣೆಬರಹವನ್ನೇ ಬೈದುಕೊಳ್ಳುತ್ತಿದ್ದಾಳೆ.

ಈಗ ನಿಮ್ಮ ಕಡೆ ಬರುತ್ತೇನೆ. ಮೇಷ್ಟ್ರನ್ನು ಮನಸ್ಸಿನಲ್ಲೇ ಬೈದಿರಿ, ಅಲ್ಲವಾ? ಓರಗಿತ್ತಿಯ ಮಗಳಿಗೆ ಒಳ್ಳೆ ಸಂಬಂಧ ಬಂದಾಗ, ವಿಚಾರಿಸಲು ಬಂದವರಿಗೆ 'ನಂಗೇನೂ ಗೊತ್ತಿಲ್ಲಪ್ಪ, ನೀವೇ ನೋಡ್ಕೊಳ್ಳಿ' ಅಂದವರು ಯಾರು? ಕಚೇರಿಯಲ್ಲಿ ಜೊತೆಯವನ ಬಡ್ತಿಯ ಫೈಲನ್ನು ಎಲ್ಲದರ ಕೆಳಗೆ ಇಟ್ಟವರು ಯಾರು? ಹೊಟ್ಟೆಕಿಚ್ಚು ಬಿಡಿ ಅಂತ ನಾನು ಹೇಳುವುದಿಲ್ಲ. ಅದು ಬಿಡು ಅಂದರೆ ಬಿಡುವಂಥದ್ದಲ್ಲ. ಪಕ್ಕದೂರಿನ ಪ್ರವಚನಕ್ಕೆ ಜನ ಜಾಸ್ತಿ ಸೇರಿದರು ಅಂತ ಕೇಳಿದರೆ ನನಗೂ ಚುರ್ ಅನ್ನುತ್ತದೆ. ಉರಿ ಹೊಟ್ಟೆಯಲ್ಲಿದ್ದರೆ ಇರಲಿ, ಕೈಗೆ ಇಳಿಯಬಾರದು. ಯಾರ ಒಳ್ಳೆಯದು ನಿಮ್ಮ ಒಂದು ಸಹಿಗೆ, ಒಂದು ಫೋನಿಗೆ, ಒಂದು ಒಳ್ಳೆ ಮಾತಿಗೆ ಕಾದಿದೆಯೋ ಅದನ್ನು ಅವತ್ತೇ ಮಾಡಿ. ಉರಿದುಕೊಂಡೇ ಮಾಡಿ, ಪರವಾಗಿಲ್ಲ. ಆಗಲೇ ತಡೆದು ಆಗಿದ್ದರೆ ಹೋಗಿ ನಿಜ ಹೇಳಿ, ಅವರು ಹಣೆಬರಹ ಬೈದುಕೊಳ್ಳುವುದಾದರೂ ನಿಲ್ಲಲಿ. ಇಷ್ಟು ಹೇಳುವಾಗಲೇ ನಿಮಗೆ ಯಾರೋ ಒಬ್ಬರು ನೆನಪಾದರು, ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ. ಪ್ರಸಾದಕ್ಕೆ ಸಾಲು ನಿಲ್ಲುವ ಮೊದಲು ಹೊರಗೆ ಹೋಗಿ ಅವರಿಗೊಂದು ಫೋನು ಮಾಡಿ ಬನ್ನಿ, ಅಲ್ಲಿಯವರೆಗೆ ನಾವು ಎಲೆ ಹಾಕುವುದಿಲ್ಲ.