ಗುಮಾಸ್ತ ಗೋಣೆಪ್ಪನವರ ಅಂಗಿ

ಕುರ್ಚಿಗಿಂತಲೂ ನೆಟ್ಟಗೆ ಕುಳಿತಿರುವ ಅಧ್ಯಕ್ಷರಾದ ಈಶಪ್ಪ ಗುರುಗಳೇ, ಇಂದಿನ ಸನ್ಮಾನಿತರಾದ ಮೇಜರ್ ಅನೀಸಾ ಅವರೇ, ಕೈಯಲ್ಲಿ ಹಾರ ಹಿಡಿದು ನನ್ನ ಮಾತು ಮುಗಿಯುವುದನ್ನೇ ಕಾಯುತ್ತಿರುವ ಹತ್ತೊಂಬತ್ತು ಸಂಘಗಳ ಪದಾಧಿಕಾರಿಗಳೇ, ಮೊದಲೇ ಬಂದು ಫ್ಯಾನಿನ ಕೆಳಗೆ ಜಾಗ ಹಿಡಿದ ಜಾಣ ಸಭಿಕರೇ, ಫ್ಯಾನು ಸಿಗದ ಉಳಿದ ಸಭಿಕರೇ,

ನನಗೆ ಒಪ್ಪಿಸಿರುವ ಕೆಲಸ ಸನ್ಮಾನಿತರ ಪರಿಚಯ. ಕೊಟ್ಟಿರುವ ಸಮಯ ಐದು ನಿಮಿಷ. ಮೊಬೈಲ್ ರಿಪೇರಿ ಅಂಗಡಿಯ ಈ ಗಾಳೇಶನಿಗೆ ಮೈಕು ಕೊಟ್ಟು ಐದು ನಿಮಿಷ ಎನ್ನುವ ಧೈರ್ಯ ನಮ್ಮ ಸಮಿತಿಗೆ ಮಾತ್ರ ಇದೆ.

ಅನೀಸಾ ಅವರು ನಮ್ಮ ಇರಕಲ್ಲಗಡ ಹೋಬಳಿಯಿಂದ ಸೇನಾಧಿಕಾರಿಯಾದ ಮೊದಲಿಗರು. ಹೆಣ್ಣುಮಕ್ಕಳಲ್ಲಷ್ಟೇ ಮೊದಲಿಗರಲ್ಲ, ಎಲ್ಲರಲ್ಲೂ ಮೊದಲಿಗರು. ನಮ್ಮಲ್ಲಿ ಸಿಪಾಯಿಗಳಾದವರು ಇದ್ದಾರೆ, ಸಿಪಾಯಿಯಂತೆ ಮೀಸೆ ಬಿಟ್ಟವರು ಇನ್ನೂ ಹೆಚ್ಚು ಇದ್ದಾರೆ. ಅಧಿಕಾರಿಯಾದವರು ಇವರೊಬ್ಬರೇ. ಮೊದಲ ದಿನ ಪಡೆಗೆ ಹೋದಾಗ ಅಲ್ಲಿನ ಹವಾಲ್ದಾರರು ಇವರ ಬೆನ್ನ ಹಿಂದೆ ಇಣುಕಿ ನೋಡಿ, ಹೊಸ ಸಾಹೇಬರು ಎಲ್ಲಿ ಎಂದು ಕೇಳಿದರಂತೆ. ಇವರು ತಾವೂ ಹಿಂದೆ ತಿರುಗಿ ನೋಡಿ, "ಯಾರೂ ಇಲ್ಲಲ್ಲ, ಹಂಗಾರ ನಾನೇ ಇರಬೇಕು" ಎಂದರಂತೆ. ಇವರದು ಸೇತುವೆ ಕಟ್ಟುವ ಪಡೆ. ಮಂಜು ಬೀಳುವ ಬೆಟ್ಟದ ಹಳ್ಳವೊಂದಕ್ಕೆ ಸೇತುವೆ ಕಟ್ಟುವಾಗ, ಅಳತೆಗಿಂತ ಹೆಚ್ಚಿನ ಉಕ್ಕಿನ ಹಗ್ಗ ತರಿಸಿದರಂತೆ. ಜೊತೆಯವರು ನಕ್ಕರು. ಮೂರನೇ ದಿನ ದಂಡೆ ಕುಸಿದು ಹಳ್ಳ ಅಗಲವಾಯಿತು, ಆ ಹೆಚ್ಚಿನ ಹಗ್ಗವೇ ಕೈಹಿಡಿಯಿತು. ಆಮೇಲೆ ಯಾರೂ ನಗಲಿಲ್ಲ.

ಹೆಚ್ಚು ಬಿಡುವ ಈ ಬುದ್ಧಿ ಎಲ್ಲಿಂದ ಬಂತು? ಸಭಿಕರೇ, ಮೂರನೇ ಸಾಲಿನಲ್ಲಿ ಕಂಬದ ಪಕ್ಕ ಕುಳಿತಿರುವ ನಸೀಮಾಬಿ ಚಾಚಿಯವರಿಂದ. ಅನೀಸಾ ಅವರ ತಾಯಿ. ಈ ಸಭಾಂಗಣದಲ್ಲಿ ಚಾಚಿ ಹೊಲಿದ ಯೂನಿಫಾರ್ಮ್ ಹಾಕದೆ ಶಾಲೆ ಕಲಿತವರು ಯಾರಿದ್ದೀರಿ, ಕೈ ಎತ್ತಿ. ಒಂದೇ ಕೈ. ಅವರು ಕುಷ್ಟಗಿಯಿಂದ ಬಂದ ಅತಿಥಿಗಳು, ಕ್ಷಮಿಸೋಣ. ಚಾಚಿ ಮಕ್ಕಳ ಬಟ್ಟೆಯ ಒಳಗೆ ನಾಲ್ಕು ಬೆರಳು ಬಟ್ಟೆ ಮಡಚಿ ಬಿಡುತ್ತಾರೆ. "ಬೆಳಿಯೋ ಕೂಸು, ಮುಂದಿನ ವರ್ಷ ಬಿಚ್ಚಿಕೊಂಡ್ರಾತು." ದೊಡ್ಡವರ ಬಟ್ಟೆಗೆ ಮಾತ್ರ ಬಿಡುವುದಿಲ್ಲ. "ಇವ್ರಿನ್ನೇನ್ ಬೆಳೀತಾರ? ಸುಮ್ನ ಬಟ್ಟಿ ದಂಡ." ಈ ಮಾತನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಧ್ಯಕ್ಷರಿಂದ ಚೀಟಿ ಬಂದಿದೆ. "ಬೇಗ ಮುಗಿಸು." ಗುರುಗಳೇ, ನೀವು ಎಂಟನೇ ತರಗತಿಯಲ್ಲಿ ಬೀಜಗಣಿತ ಬೇಗ ಮುಗಿಸಿದ್ದಿರಿ, ಅದರ ಫಲ ಇಲ್ಲಿ ನಿಂತಿದೆ. ಇನ್ನೊಂದಿಷ್ಟು ಹೊತ್ತು ಕೊಡಿ.

ಚಾಚಿಗೆ ಇದ್ದವಳು ಒಬ್ಬಳೇ ಮಗಳು. ಆಕೆ ಶಿಕ್ಷಕಿಯಾಗಬೇಕು, ಆಕೆಯ ಶಾಲೆಯ ಮಕ್ಕಳಿಗೆ ತಾವೇ ಬಟ್ಟೆ ಹೊಲಿಯಬೇಕು, ಇದು ಅವರ ಆಸೆ. ಸೇನೆಗೆ ಆಯ್ಕೆಯಾದ ಪತ್ರ ಬಂದಾಗ ಅನೀಸಾ ಜೊತೆಗೆ ಆಡಿ ಬೆಳೆದ ನನ್ನ ಅಂಗಡಿಗೆ ಓಡಿ ಬಂದಳು. ಬಂದರು. "ಅಮ್ಮೀಗೆ ಹೆಂಗ್ ಹೇಳೋದೋ ಗಾಳ್ಯಾ?" ನಾನು ಘನಗಂಭೀರವಾಗಿ ಸಲಹೆ ಕೊಟ್ಟೆ: "ಹೇಳಬ್ಯಾಡ. ಧಾರವಾಡಕ್ಕ ಬಿ.ಎಡ್. ಮಾಡಾಕ ಹೊಂಟೀನಂತ ಹೇಳು. ಉಳಿದದ್ದು ನನಗ ಬಿಡು."

ಉಳಿದದ್ದು ಏನೆಂದರೆ ಗುಮಾಸ್ತ ಗೋಣೆಪ್ಪ. ಧಾರವಾಡದ ಬಿ.ಎಡ್. ಕಾಲೇಜಿನ ಗುಮಾಸ್ತ, ವಯಸ್ಸು ಐವತ್ತನಾಲ್ಕು, ಸದಾ ನೆಗಡಿ. ಹೊಸ ಸಿಮ್ಮು ಹಾಕಿ, ಮೂಗಿಗೆ ಕರ್ಚೀಪು ಒತ್ತಿ, ಪ್ರತಿ ತಿಂಗಳ ಮೊದಲ ಸೋಮವಾರ ನಾನೇ ಗೋಣೆಪ್ಪನಾಗಿ ಚಾಚಿಗೆ ಫೋನು ಮಾಡುತ್ತಿದ್ದೆ.

"ನನ್ನ ಮಗಳು ಹೊಟ್ಟಿ ತುಂಬ ಉಣ್ತಾಳೇನ್ರಿ ಸಾಹೇಬ್ರ?"

"ಉಣ್ತಾರ್ರಿ ತಾಯಾರ. ಪಾಠಕ್ಕಿಂತ ಊಟಾನೇ ಛಲೋ ಮಾಡ್ತಾರ."

"ನಿಮ್ಮ ನೆಗಡಿ ಇನ್ನೂ ಹೋಗಿಲ್ಲೇನ್ರಿ? ಬಿಸಿನೀರಾಗ ಅರಿಷಿಣ ಹಾಕಿ ಕುಡೀರಿ."

ಹೀಗೆ ಹನ್ನೊಂದು ತಿಂಗಳು. ನೀವು ನಗುತ್ತಿದ್ದೀರಿ. ಆಗ ನಾನೂ ನಗುತ್ತಿದ್ದೆ. ಒಂಬತ್ತನೇ ತಿಂಗಳು ಚಾಚಿ ನನ್ನನ್ನು ಕರೆದು ಒಂದು ತಿಳಿನೀಲಿ ಅಂಗಿ ಕೊಟ್ಟರು. "ಧಾರವಾಡಕ್ಕ ಹೋದಾಗ ಆ ಗೋಣೆಪ್ಪ ಸಾಹೇಬ್ರಿಗೆ ಮುಟ್ಟಸಪ್ಪಾ. ಪಾಪ, ಬಡಪ್ರಾಣಿ, ತಿಂಗಳಾ ತಿಂಗಳಾ ಫೋನ್ ಮಾಡ್ತೈತಿ." ಮುಟ್ಟಿಸಿದೆ. ಮನೆಗೆ ಹೋಗಿ ಕನ್ನಡಿ ಮುಂದೆ ಹಾಕಿಕೊಂಡು ನೋಡಿದೆ, ಒಪ್ಪವಾಗಿ ಕೂತಿತು. ನನ್ನ ಬುದ್ಧಿವಂತಿಕೆಗೆ ಸಿಕ್ಕ ಬಹುಮಾನ ಎಂದುಕೊಂಡೆ.

ಎರಡನೇ ಚೀಟಿ ಬಂದಿದೆ. ಓದುವುದಿಲ್ಲ.

ತರಬೇತಿ ಮುಗಿದ ದಿನ ಸೇನೆಯಲ್ಲಿ ಒಂದು ಪದ್ಧತಿ ಇದೆ. ಹೊಸ ಅಧಿಕಾರಿಯ ಹೆಗಲಿಗೆ ನಕ್ಷತ್ರವನ್ನು ಹೆತ್ತವರೇ ಹಚ್ಚುತ್ತಾರೆ. ಅನೀಸಾ ಅವರ ಹೆಗಲಿಗೆ ಹಚ್ಚಿದವರು ಯಾರೋ ಪಂಜಾಬಿನ ಗೆಳತಿಯ ತಾಯಿ. ಆ ಚಿತ್ರ ಪತ್ರಿಕೆಯಲ್ಲಿ ಬಂದು ಬಿ.ಎಡ್. ಗುಟ್ಟು ಬಯಲಾಯಿತು. ಚಾಚಿ ಅದನ್ನು ಬಹಳ ಹೊತ್ತು ನೋಡಿದರು. ನಾನು ಎದುರಿಗೇ ಇದ್ದೆ. "ಯಾರ ತಾಯಿಯೋ ಏನೋ, ಛಲೋ ಹಚ್ಯಾಳ. ನಾನಿದ್ರ ಇನ್ನೊಂಚೂರು ನೆಟ್ಟಗ ಹಚ್ತಿದ್ದೆ." ಅಷ್ಟೇ ಅಂದು ಮಷೀನು ತುಳಿಯಲು ಕುಳಿತರು.

ಅಂದಿನಿಂದ ಎಂಟು ವರ್ಷ. ಮಗಳು ರಜೆಗೆ ಬಂದರೆ ಅಡುಗೆ ಆಗುತ್ತದೆ, ಮಾತು ಆಗುತ್ತದೆ. "ಆ ಬಟ್ಟಿ ಮಾತ್ರ ಪೆಟ್ಟಿಗ್ಯಾಗ ಇರ್ಲಿ" ಎನ್ನುತ್ತಾರೆ ಚಾಚಿ. ಮಗಳ ಸಮವಸ್ತ್ರವನ್ನು ತಾಯಿ ಕಣ್ಣಾರೆ ನೋಡುತ್ತಿರುವುದು ಇವತ್ತೇ ಮೊದಲು, ಅದೂ ಕಂಬದ ಮರೆಯಿಂದ. ಮಗಳು ಕರೆಯಲಿಲ್ಲ ಎಂದು ತಾಯಿ ತಿಳಿದಿದ್ದಾರೆ. ಕರೆದರೂ ತಾಯಿ ಬರಲಿಲ್ಲ ಎಂದು ಮಗಳು ತಿಳಿದಿದ್ದಾರೆ.

ಸಭಿಕರೇ, ನನ್ನ ಕೈಯಲ್ಲಿರುವ ಇದು ಕರೆಯೋಲೆ.

ನಕ್ಷತ್ರ ಹಚ್ಚುವ ಆ ದಿನದ ಅಸಲಿ ಕರೆಯೋಲೆ. ತಾಯಿಗೆ ಗುಟ್ಟು ತಿಳಿಯಬಾರದೆಂದು ನನ್ನ ಅಂಗಡಿಯ ವಿಳಾಸಕ್ಕೆ ಬಂದಿತ್ತು. ಹಿಂಬದಿಯಲ್ಲಿ ಅನೀಸಾ ಕೈಯಾರೆ ಬರೆದಿದ್ದಾರೆ: "ಗಾಳ್ಯಾ, ಆಟ ಸಾಕು. ಅಮ್ಮೀಗೆ ಎಲ್ಲಾ ಹೇಳಿ ಕರ್ಕೊಂಡು ಬಾ. ಅಕಿ ಬರದಿದ್ರ ನಕ್ಷತ್ರ ಯಾರ ಹಚ್ಚಬೇಕು?" ಗೋಣೆಪ್ಪ ಯಾರೆಂದು ಹೇಳಬೇಕಾಗುತ್ತದಲ್ಲ ಎಂದು ನಾನು ಹೆದರಿದೆ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಾ ದಿನ ಕಳೆದೆ. ಅಲ್ಲಿ ಅನೀಸಾಗೆ, ಚಾಚಿಗೆ ಜ್ವರ ಎಂದು ತಿಳಿಸಿದೆ. ಇಲ್ಲಿ ಏನೂ ಹೇಳಲಿಲ್ಲ.

ಈಗಲೂ ಹೇಳುತ್ತಿರಲಿಲ್ಲವೇನೋ. ಆದರೆ ಮೊನ್ನೆ ಈ ಸಮಾರಂಭಕ್ಕೆಂದು ಹಳೆಯ ತಿಳಿನೀಲಿ ಅಂಗಿ ತೆಗೆದೆ. ಹೌದು, ಈಗ ಹಾಕಿಕೊಂಡಿರುವುದು ಅದೇ. ಹೊಟ್ಟೆ ಬಂದಿದೆ, ಗುಂಡಿ ಮುಟ್ಟಲಿಲ್ಲ. ಪಕ್ಕದ ಹೊಲಿಗೆ ಬಿಚ್ಚಬಹುದೇ ಎಂದು ಒಳಗೆ ತಿರುವಿ ನೋಡಿದೆ. ನಾಲ್ಕು ಬೆರಳು ಬಟ್ಟೆ ಮಡಚಿ ಬಿಟ್ಟಿತ್ತು.

ಐವತ್ತನಾಲ್ಕು ವರ್ಷದ ಗುಮಾಸ್ತನಿಗೆ ಚಾಚಿ ಏಕೆ ಬಟ್ಟೆ ಬಿಟ್ಟರು? ಅಳತೆಯನ್ನೇ ಕೊಡದ ಗೋಣೆಪ್ಪನ ಅಂಗಿ ಗಾಳೇಶನಿಗೆ ಹೇಗೆ ಒಪ್ಪಿತು? ಅವರಿಗೆ ಮೊದಲಿನಿಂದಲೂ ಗೊತ್ತಿತ್ತು ಸಭಿಕರೇ. ನಾವು ಬಾಯಿ ಬಿಟ್ಟು ಹೇಳಲಿ ಎಂದು ಕಾದರು. ನಾವು ಇನ್ನೂ ಬೆಳೆಯುವ ಮಕ್ಕಳು ಎಂದು ಬಟ್ಟೆ ಬಿಟ್ಟು ಕಾದರು. ನಾನು ಬೆಳೆದದ್ದು ಹೊಟ್ಟೆಯಲ್ಲಿ ಮಾತ್ರ.

ಅನೀಸಾ, ಚಾಚಿಗೆ ಅವತ್ತು ಜ್ವರ ಇರಲಿಲ್ಲ. ಚಾಚಿ, ನಿಮ್ಮ ಮಗಳು ಕರೆದಿದ್ದಳು. ಎಂಟು ವರ್ಷ ತಡವಾಗಿದೆ, ಓಲೆ ತಗೊಳ್ರಿ.

ಸಂಘಗಳ ಪದಾಧಿಕಾರಿಗಳು ಹಾರಗಳೊಂದಿಗೆ ಸ್ವಲ್ಪ ಪಕ್ಕಕ್ಕೆ ಸರಿಯಬೇಕಾಗಿ ವಿನಂತಿ. ಮೂರನೇ ಸಾಲಿನವರು ಕಾಲು ಮಡಚಿ. ಚಾಚಿ ಎದ್ದಿದ್ದಾರೆ. ವೇದಿಕೆಯತ್ತಲೇ ಬರುತ್ತಿದ್ದಾರೆ. ಕೈಯಲ್ಲಿ ಚಪ್ಪಲಿ ಇಲ್ಲ, ಮೊದಲು ಅದನ್ನೇ ನೋಡಿಕೊಂಡೆ. ಮೇಜರ್ ಸಾಹೇಬರು ಎದ್ದು ನಿಂತಿದ್ದಾರೆ, ಸಲ್ಯೂಟಿಗೆ ಎತ್ತಿದ ಕೈ ಇನ್ನೂ ಇಳಿಸಿಲ್ಲ. ಚಾಚಿ ಆ ಕೈಯನ್ನು ಕೆಳಗಿಳಿಸಿದರು. ಹೆಗಲ ಪಟ್ಟಿ ಹಿಡಿದು ನೋಡುತ್ತಿದ್ದಾರೆ. ಅಂದಿನ ನಕ್ಷತ್ರದ ಜಾಗದಲ್ಲಿರುವ ಲಾಂಛನ ಬಿಚ್ಚಿದರು. ಮತ್ತೆ ಹಚ್ಚುತ್ತಿದ್ದಾರೆ.

ಒಂಚೂರು ನೆಟ್ಟಗೆ.

ಗುರುಗಳೇ, ಮೂರನೇ ಚೀಟಿ ಬೇಡ. ಇನ್ನು ಪರಿಚಯ ಮಾಡಿಸುವವರ ಅಗತ್ಯ ಇಲ್ಲಿಲ್ಲ. ಅಂಗಿ ಹೊಲಿದವರಿಗೂ, ಇಷ್ಟು ಹೊತ್ತು ಕೇಳಿದ ನಿಮಗೂ ವಂದಿಸಿ, ಗುಮಾಸ್ತ ಗೋಣೆಪ್ಪನವರು ಇಂದಿಗೆ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ನಮಸ್ಕಾರ.