ಒಬ್ಬರಿಗೇ ತಂದ ರೇನ್‌ಕೋಟು

ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ್ಲಹಳ್ಳಿಯ ಓಬಮ್ಮ ತನ್ನೂರಿನ ಬಸ್ಸಿಗೆ ಕಾಯುತ್ತಿದ್ದಳು. ಅದೇ ಬೆಂಚಿನಲ್ಲಿ ಕೊಡಚಾದ್ರಿ ಹತ್ತಲು ಹೊರಟ ಗಂಡ ಹೆಂಡತಿ ಶಿವಮೊಗ್ಗದ ಬಸ್ಸಿಗೆ ಕಾದು ಕುಳಿತಿದ್ದರು. ಗಂಡ ತನ್ನ ಹೊಸ ಬೆನ್ನುಚೀಲ ಬಿಚ್ಚಿ ಒಂದೊಂದನ್ನೇ ತೋರಿಸುತ್ತಿದ್ದ.

“ನೋಡು ಸೌಭಾಗ್ಯ, ಒಳಗೆ ಈ ಟೀ ಶರ್ಟು, ಬೆವರು ಬೇಗ ಆರ್ತೈತೆ. ಇದರ ಮೇಲೆ ಬೆಚ್ಚಗಿನ ಜಾಕೆಟ್ಟು. ಎಲ್ಲದರ ಮೇಲೆ ರೇನ್‌ಕೋಟು. ಕಾಟನ್ ಮಾತ್ರ ಹಾಕ್ಬಾರ್ದು, ನೆಂದ್ರೆ ಚಳಿ ಹಿಡೀತೈತೆ.”

“ನಾನು ಹಾಕ್ಕಂಡಿರೋದು ಕಾಟನ್ನೇ ಅಲ್ಲೇನ್ರಿ?”

“ನಿಂಗೆ ಸ್ವೆಟರ್ ಐತಲ್ಲ.”

“ಮಳೆ ಬಂದ್ರೆ?”

ಗಂಡ ಚೀಲದ ಜಿಪ್ ಎಳೆಯತೊಡಗಿದ.

“ಹೇಳ್ರಿ. ನಂಗ್ಯಾಕೆ ತರ್ಲಿಲ್ಲ?”

“ಕೊನೆಗೆ ನೀನು ಬರಲ್ಲ ಅಂತೀಯ ಅನ್ಕಂಡಿದ್ದೆ.”

“ಬರಲ್ಲ ಅನ್ಕಂಡಿದ್ರೋ, ಬರಬಾರ್ದು ಅನ್ಕಂಡಿದ್ರೋ?”

ಅವನ ಮುಖ ಸಪ್ಪಗಾಯಿತು. ಓಬಮ್ಮ ತನಗೇ ನಾಚಿಕೆಯಾದವಳಂತೆ ಬೇರೆ ಕಡೆ ತಿರುಗಿದಳು.

“ನಮ್ಜೊತೆ ಬರೋ ಗೆಳೆಯರ ಹೆಂಡ್ತೀರೆಲ್ಲ ಮೊದಲೇ ಬೆಟ್ಟ ಹತ್ತಿದೋರು. ನೀನು ಸುಸ್ತಾಗಿ ಕುಂತ್ರೆ ನಗ್ತಾರೆ ಅಂತ...”

“ಅವರು ನಗೋಕೆ ಮುಂಚೆ ನಿಮಗೇ ನಾಚಿಕೆ ಆತು.”

“ಹೌದು. ತಪ್ಪಾತು ಕಣೆ. ಇದನ್ನ ನೀನೇ ಹಾಕ್ಕೋ.”

ರೇನ್‌ಕೋಟನ್ನು ಅವಳ ಮಡಿಲಿಗಿಟ್ಟನೇ ಹೊರತು ಅವಳ ಮುಖ ನೋಡಲು ಅವನಿಂದಾಗಲಿಲ್ಲ.

“ನೀವು ನೆಂದ್ರೆ ನಂಗೇನು ಲಾಭ? ಏಳ್ರಿ, ಪೇಟೇಲಿ ಅಂಗಡಿ ತೆಗ್ದಿರ್ತಾರೆ, ಇನ್ನೊಂದು ತಗಳ್ಳಾನ.”

“ನಮ್ಮ ಬಸ್ಸು ಬಂತಲ್ಲ.”

“ಮುಂದಿನದಕ್ಕೆ ಹೋಗಾನ. ನಾನಂತೂ ಬೆಟ್ಟ ಹತ್ತೋಳೇ.”

ಅವಳು ಪೇಟೆಯ ಕಡೆ ನಡೆದಳು. ಅವನು ತನ್ನದೂ ಅವಳದೂ ಎರಡೂ ಚೀಲ ಹೆಗಲಿಗೇರಿಸಿ, ತಲೆ ತಗ್ಗಿಸಿಕೊಂಡು ಅವಳ ಹಿಂದೆ ಹೋದ.